ಗೂಗಲ್ ಕ್ಲಾಸ್‌ರೂಮ್ ಮತ್ತು ಮೂಡಲ್: ಒಂದೇ ಪಾಠ, ಎರಡು ವರ್ಷದ ಪ್ರಯೋಗ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಕಾಸ್ಟ್ ಅಕೌಂಟಿಂಗ್ (ವೆಚ್ಚದ ಲೆಕ್ಕಶಾಸ್ತ್ರ) ಬೋಧಿಸುವ ನಾನು, ಅದೇ ಪಠ್ಯವನ್ನು ಒಂದು ವರ್ಷ ಗೂಗಲ್ ಕ್ಲಾಸ್‌ರೂಮ್‌ನಲ್ಲಿಯೂ ಮರುವರ್ಷ ಮೂಡಲ್‌ನಲ್ಲಿಯೂ ನಡೆಸಿ ನೋಡಿದ್ದೇನೆ. ಎರಡೂ ಟಿಪ್ಪಣಿ, ಅಸೈನ್‌ಮೆಂಟ್, ರಸಪ್ರಶ್ನೆಗಳನ್ನು ಅಂತರ್ಜಾಲದಲ್ಲಿ ನಡೆಸುವ ಕಲಿಕಾ ವೇದಿಕೆಗಳು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು; ಓದುವುದೂ ಬರೆಯುವುದೂ ಮೊಬೈಲಿನಲ್ಲಿಯೇ.

2014ರಲ್ಲಿ ಬಂದ ಕ್ಲಾಸ್‌ರೂಮ್‌ನ ದೊಡ್ಡ ಗುಣವೆಂದರೆ ಆರಂಭಿಸುವ ಸುಲಭ. ತರಗತಿಯ ಕೋಡನ್ನು ಕಪ್ಪುಹಲಗೆಯ ಮೇಲೆ ಬರೆದ ಅರ್ಧ ಗಂಟೆಯಲ್ಲಿ ಎಲ್ಲರೂ ಸೇರಿದ್ದರು. ಟಿಪ್ಪಣಿ ಹಂಚುವುದು, ಅಸೈನ್‌ಮೆಂಟ್ ಪಡೆದು ತಿದ್ದಿ ಹಿಂದಿರುಗಿಸುವುದು, ಗೂಗಲ್ ಫಾರ್ಮ್ಸ್‌ನ ರಸಪ್ರಶ್ನೆಯ ಅಂಕಗಳನ್ನು ತರಿಸಿಕೊಳ್ಳುವುದು, ಇವಾವುದಕ್ಕೂ ತರಬೇತಿ ಬೇಕಾಗಲಿಲ್ಲ.

ಮಾರ್ಟಿನ್ ಡೌಗಿಯಾಮಸ್ ಆಸ್ಟ್ರೇಲಿಯಾದಲ್ಲಿ ರೂಪಿಸಿ 2002ರಲ್ಲಿ ಮೊದಲ ಆವೃತ್ತಿ ಹೊರತಂದ ಮೂಡಲ್ ಮುಕ್ತ ತಂತ್ರಾಂಶವಾದ್ದರಿಂದ ಅದಕ್ಕೆ ಹಣ ಕೊಡಬೇಕಿಲ್ಲ. ಆದರೆ ಅದನ್ನು ಇರಿಸುವ ಸರ್ವರ್ ಯಂತ್ರಕ್ಕೆ ಬಾಡಿಗೆ ಕೊಡಬೇಕು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ನನ್ನ ಮೊದಲ ಪಿಡಿಎಫ್ ಏರಲೇ ಇಲ್ಲ. ಮೂಡಲ್ ಬರೆಯಲಾದ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮಿತಿ ಮೂಲತಃ 2 ಎಂಬಿ ಇರುತ್ತದೆ, ಅದನ್ನು ಸರ್ವರಿನಲ್ಲಿಯೇ ಹೆಚ್ಚಿಸಬೇಕು ಎಂದು ತಿಳಿಯುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಕನ್ನಡ ಭಾಷಾ ಪ್ಯಾಕ್ ಹಾಕಿದ ಮೇಲೂ ಹಲವು ಸೂಚನೆಗಳು ಇಂಗ್ಲಿಷಿನಲ್ಲಿಯೇ ಉಳಿದವು.

ಇಷ್ಟಾದರೂ ಮೂಡಲ್ ನನ್ನನ್ನು ಗೆದ್ದುಕೊಂಡದ್ದು ಅದರ ಪ್ರಶ್ನೆಭಂಡಾರದಿಂದ. ಒಮ್ಮೆಗೆ ಎಷ್ಟು ಕಚ್ಚಾ ಸಾಮಗ್ರಿ ತರಿಸಿದರೆ ಒಟ್ಟು ಖರ್ಚು ಕಡಿಮೆಯಾಗುತ್ತದೆ ಎಂಬ ಇ.ಒ.ಕ್ಯೂ. (ಎಕನಾಮಿಕ್ ಆರ್ಡರ್ ಕ್ವಾಂಟಿಟಿ) ಲೆಕ್ಕವನ್ನೇ ನೋಡಿ. ಹತ್ತಿಯ ಗಿರಣಿಯೊಂದಕ್ಕೆ ವರ್ಷಕ್ಕೆ 12,000 ಕೆ.ಜಿ. ಹತ್ತಿ ಬೇಕು, ಪ್ರತಿ ಆರ್ಡರಿಗೆ 60 ರೂಪಾಯಿ ಖರ್ಚು, ಒಂದು ಕೆ.ಜಿ.ಯನ್ನು ವರ್ಷವಿಡೀ ದಾಸ್ತಾನಿಡಲು 4 ರೂಪಾಯಿ ಎಂದರೆ, ಬೇಡಿಕೆಯ ಎರಡರಷ್ಟನ್ನು ಆರ್ಡರ್ ಖರ್ಚಿನಿಂದ ಗುಣಿಸಿ, ದಾಸ್ತಾನಿನ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆದಾಗ ಉತ್ತರ 600 ಕೆ.ಜಿ. ಫಾರ್ಮ್ಸ್‌ನಲ್ಲಿ ಈ 600 ಎಂಬ ಉತ್ತರ ಹತ್ತು ನಿಮಿಷದೊಳಗೆ ಇಡೀ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತು. ಮೂಡಲ್‌ನ ಕ್ಯಾಲ್ಕ್ಯುಲೇಟೆಡ್ ಪ್ರಶ್ನೆಯಲ್ಲಿ ವಾರ್ಷಿಕ ಬೇಡಿಕೆಯ ಜಾಗದಲ್ಲಿ ಚರಾಕ್ಷರವನ್ನಿಟ್ಟು ಸೂತ್ರ ಬರೆದರೆ, ಒಬ್ಬಳಿಗೆ 12,000, ಪಕ್ಕದವಳಿಗೆ 27,000 ಬರುತ್ತದೆ. ಅವಳ ಉತ್ತರ 900. ಯಂತ್ರವೇ ಆರಿಸಿದ ಸಂಖ್ಯೆಗಳಿಗೆ ವರ್ಗಮೂಲ ಪೂರ್ಣಾಂಕವಾಗಿ ಬರುವುದಿಲ್ಲವಾದ್ದರಿಂದ ನಾನು ಬೇಡಿಕೆಯ ಸಂಖ್ಯೆಗಳನ್ನು ಒಂದೊಂದಾಗಿ ಕೈಯಾರೆ ತುಂಬಿದೆ. ಶ್ರಮದ ಕೆಲಸ ನಿಜ, ಆದರೆ ವಿದ್ಯಾರ್ಥಿಗಳು ಉತ್ತರ ಕೇಳುವುದನ್ನು ಬಿಟ್ಟು ವಿಧಾನ ಕೇಳತೊಡಗಿದರು. ಅಧ್ಯಾಪಕನಾಗಿ ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಕಾಣಲಿಲ್ಲ.

ಸಿಗ್ನಲ್ ಸಿಗದ ಊರಿನವರಿಗೆ ಮೂಡಲ್ ಆ್ಯಪ್‌ನಲ್ಲಿ ರಸಪ್ರಶ್ನೆಯನ್ನು ಕಾಲೇಜಿನಲ್ಲಿ ಇಳಿಸಿಕೊಂಡು ಮನೆಯಲ್ಲಿ ಬಿಡಿಸುವ ಅವಕಾಶವೂ ಇದೆ. ಆದರೆ ಅದಕ್ಕೆ ಸಮಯದ ಮಿತಿ ಇಡುವಂತಿಲ್ಲ, ಕೊನೆಯಲ್ಲಿ ಮಾತ್ರ ಫಲಿತಾಂಶ ತೋರಿಸುವ ಕ್ರಮವನ್ನೇ ಆರಿಸಿರಬೇಕು.

ಕನ್ನಡದ ತೊಡಕು ಎರಡರಲ್ಲಿಯೂ ಒಂದೇ. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಪ್ರಶ್ನೆಪತ್ರಿಕೆಗಳು ಅಂಟಿಸಿದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳಾದವು. ಯೂನಿಕೋಡಿಗೆ ಬದಲಿಸಿದ ಮೇಲೂ ಅರ್ಕಾವತ್ತನ್ನು ಕಣ್ಣಿಟ್ಟು ತಿದ್ದಬೇಕಾಯಿತು.

ಸರ್ವರ್ ನೋಡಿಕೊಳ್ಳುವವರಿಲ್ಲದ ಕಾಲೇಜಿನ ಒಂಟಿ ಅಧ್ಯಾಪಕರಿಗೆ ನಾನು ಕ್ಲಾಸ್‌ರೂಮನ್ನೇ ಹೇಳುತ್ತೇನೆ. ಲೆಕ್ಕದ ವಿಷಯ ಬೋಧಿಸುವವರು, ಅದೇ ಪಾಠವನ್ನು ವರ್ಷವರ್ಷವೂ ಬೆಳೆಸಬಯಸುವವರು ಮೂಡಲ್‌ನ ಕಷ್ಟವನ್ನು ಸಹಿಸಬೇಕು. ಕಳೆದ ಬೇಸಿಗೆಯಲ್ಲಿ ಸರ್ವರ್ ಬದಲಿಸಬೇಕಾಗಿ ಬಂದಾಗ, ಇಡೀ ಕೋರ್ಸನ್ನು ಒಂದೇ ಬ್ಯಾಕಪ್ ಫೈಲಾಗಿ ಪೆನ್‌ಡ್ರೈವಿನಲ್ಲಿ ಒಯ್ದು ಹೊಸ ಜಾಗದಲ್ಲಿ ಇಳಿಸಿದೆ. ನನ್ನ 140 ಪ್ರಶ್ನೆಗಳೂ ತಮ್ಮ ಸೂತ್ರಗಳೊಂದಿಗೆ ಹಾಗೆಯೇ ಬಂದವು.