‘ನಿಮ್ಮ ರೈಲು ರದ್ದಾಗಿದೆ’ ಎನ್ನುವವರನ್ನು ನಂಬಬೇಡಿ: ಹೊಸದಿಲ್ಲಿ ನಿಲ್ದಾಣದ ಹೊರಗೆ ನಮಗಾದ ಮೋಸ

ದಿಲ್ಲಿಯಲ್ಲಿ ರೈಲು ಬದಲಿಸಿ ಕಾಶಿಗೋ ಹರಿದ್ವಾರಕ್ಕೋ ಹೋಗಬೇಕೆಂದಿರುವವರು, ಅದರಲ್ಲೂ ವಯಸ್ಸಾದ ತಂದೆ ತಾಯಿಯನ್ನು ಜೊತೆಗೆ ಕರೆದೊಯ್ಯುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಿಲ್ದಾಣದ ಬಾಗಿಲ ಬಳಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ನಿಂತವನೊಬ್ಬ ನಿಮ್ಮ ಟಿಕೆಟ್ ನೋಡಿ ‘ಈ ರೈಲು ರದ್ದಾಗಿದೆ’ ಎಂದರೆ ನಂಬಬೇಡಿ. ಅವನು ರೈಲ್ವೆಯವನಲ್ಲ. ಇನ್ನೊಮ್ಮೆ ಹೇಳುತ್ತೇನೆ, ಅವನು ರೈಲ್ವೆಯವನಲ್ಲ. ಅವನ ಆ ಒಂದು ಮಾತಿಗೆ ನಾವು ತೆತ್ತದ್ದು 16,000 ರೂಪಾಯಿ, ಅದರ ಮೇಲೆ ಟೋಲು, ಬಾಟಾ ಎಂದು ದಾರಿಯಲ್ಲಿ ಕಿತ್ತುಕೊಂಡದ್ದು ಬೇರೆ. ಇದನ್ನೆಲ್ಲ ಬರೆಯಲು ಮುಜುಗರವಾಗುತ್ತದೆ, ಆದರೆ ಹೊಟ್ಟೆಯುರಿ ಅದಕ್ಕಿಂತ ದೊಡ್ಡದು.

ನಾವು ನಾಲ್ವರು ಈ ಚಳಿಗಾಲದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೊಸದಿಲ್ಲಿಗೆ ಬಂದಿಳಿದೆವು: ಅಪ್ಪ, ಅಮ್ಮ, ನನ್ನ ಹೆಂಡತಿ ಮತ್ತು ನಾನು. ಅದೇ ದಿನ ರಾತ್ರಿ ಶಿವಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬನಾರಸ್‌ಗೆ ಹೋಗುವುದೆಂದು ಮೂರನೇ ದರ್ಜೆಯ ಎ.ಸಿ. ಟಿಕೆಟ್ ತೆಗೆಸಿದ್ದೆವು. ಮೈಸೂರಿನಿಂದ ವಾರಾಣಸಿಗೆ ನೇರ ರೈಲೇ ಇದೆಯಲ್ಲ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ದಿನವೂ ಓಡುವ ರೈಲಲ್ಲ, ಜೊತೆಗೆ ಅಪ್ಪನಿಗೆ ಕೆಂಪುಕೋಟೆಯನ್ನೊಮ್ಮೆ ನೋಡುವ ಆಸೆಯಿತ್ತು. ನಮ್ಮ ಟಿಕೆಟ್ ಆರ್‌ಎಸಿಯಲ್ಲಿತ್ತು. ಆರ್‌ಎಸಿ ಎಂದರೆ ರೈಲು ಹತ್ತಲು ಹಕ್ಕಿದೆ, ಕೂರಲು ಜಾಗವಿದೆ, ಪೂರ್ತಿ ಬರ್ತ್ ಮಾತ್ರ ಚಾರ್ಟ್ (ಬರ್ತ್ ಹಂಚಿಕೆಯ ಪಟ್ಟಿ) ಸಿದ್ಧವಾದಾಗಲೋ ಆಮೇಲೋ ಸಿಗಬಹುದು ಎಂಬುದು ರೈಲಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆ ಜನ ಆಟವಾಡಿದ್ದು ಇದೇ ಜಾಗದಲ್ಲಿ.

ಪಹಾಡ್‌ಗಂಜ್ ಕಡೆಯ ಬಾಗಿಲಿನಿಂದ ಹೊರಬಂದು ಸಾಮಾನು ಇಡಲು ಕ್ಲೋಕ್ ರೂಮ್ ಎಲ್ಲಿದೆ ಎಂದು ಹುಡುಕುತ್ತಿದ್ದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಯುವಕ ಅತ್ಯಂತ ವಿನಯದಿಂದ ಬಂದು ಅಮ್ಮನ ಕೈಚೀಲವನ್ನು ತಾನೇ ತೆಗೆದುಕೊಂಡು, ಮುಂದಿನ ರೈಲು ಯಾವುದು ಮಾತಾಜಿ ಎಂದು ಕೇಳಿದ. ನಾನು ಬಾಯಿ ಬಿಡುವ ಮೊದಲೇ ಅಪ್ಪ ರೈಲಿನ ಹೆಸರು ಹೇಳಿಬಿಟ್ಟಿದ್ದರು. ಅವನ ಮುಖದ ಮೇಲೆ ಆಗ ಮೂಡಿದ ಕನಿಕರವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಂಜಿನಿಂದ ಆ ರೈಲು ರದ್ದಾಗಿದೆ, ರದ್ದಾಗದಿದ್ದರೂ ಹೊಸ ನಿಯಮದ ಪ್ರಕಾರ ಆರ್‌ಎಸಿಯವರನ್ನು ಎ.ಸಿ. ಬೋಗಿಗೆ ಹತ್ತಿಸುವುದಿಲ್ಲ, ಬೇಕಿದ್ದರೆ ವಿಚಾರಿಸಿ ಎಂದು ಅವನೇ ತನ್ನ ಫೋನಿನಿಂದ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿದಂತೆ ಮಾಡಿ ನನ್ನ ಕೈಗಿತ್ತ. ಆ ಕಡೆಯ ದನಿ ಪಿಎನ್‌ಆರ್ ಸಂಖ್ಯೆಯ ಹತ್ತೂ ಅಂಕಿಗಳನ್ನು ಕೇಳಿಕೊಂಡು, ‘ಕ್ಷಮಿಸಿ, ಈ ಗಾಡಿ ರದ್ದಾಗಿದೆ, ಅಧಿಕೃತ ಪ್ರವಾಸಿ ಕಚೇರಿಗೆ ಹೋದರೆ ಬದಲಿ ವ್ಯವಸ್ಥೆ ಮಾಡಿಕೊಡುತ್ತಾರೆ’ ಎಂದಿತು. ನಿಜವಾದ 139ಕ್ಕೆ ಕರೆ ಮಾಡಿದರೆ ಮೊದಲು ಕೇಳಿಸುವುದು ಭಾಷೆ ಆರಿಸಿಕೊಳ್ಳಿ ಎನ್ನುವ ಧ್ವನಿಮುದ್ರಿಕೆ. ಇಲ್ಲಿ ಎರಡನೇ ರಿಂಗಿಗೇ ಮನುಷ್ಯ ಮಾತನಾಡಿದ್ದ.

ಈ ಸುಳ್ಳನ್ನು ಹೆಣೆದಿರುವ ಬಗೆಯನ್ನು ಗಮನಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ ಭಾರತದಲ್ಲಿ ಮಂಜಿನ ಕಾರಣಕ್ಕೆ ಕೆಲವು ರೈಲುಗಳನ್ನು ರದ್ದು ಮಾಡುವುದು ನಿಜ, ಆದರೆ ರೈಲ್ವೆ ಇಲಾಖೆ ಅವುಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಕಾಯ್ದಿರಿಸಿದ ಬೋಗಿಗೆ ಹತ್ತಬಾರದು ಎಂಬ ನಿಯಮವೂ ಇದೆ, ಆದರೆ ಅದು ವೇಟಿಂಗ್ ಲಿಸ್ಟ್‌ನಲ್ಲಿ ಉಳಿದವರಿಗೆ, ಆರ್‌ಎಸಿಯವರಿಗಲ್ಲ. ಎರಡು ಅರ್ಧಸತ್ಯಗಳನ್ನು ಜೋಡಿಸಿ ಒಂದು ಪೂರ್ತಿ ಸುಳ್ಳು ಮಾಡಿಕೊಂಡಿದ್ದಾರೆ.

ಅವನೇ ಆಟೊ ಹಿಡಿದು, ಅವನೇ ಬಾಡಿಗೆ ಕೊಟ್ಟು (ಅಲ್ಲೇ ಅನುಮಾನ ಮಿಸುಕಬೇಕಿತ್ತು) ನಮ್ಮನ್ನು ಒಂದು ಕಚೇರಿಗೆ ಕರೆದೊಯ್ದ. ಗೋಡೆಯ ತುಂಬ ಭಾರತದ ಭೂಪಟ, ತಾಜಮಹಲಿನ ಚಿತ್ರ, ಮೇಜಿನ ಮೇಲೆ ಪುಟ್ಟ ತ್ರಿವರ್ಣ ಧ್ವಜ, ಫಲಕದಲ್ಲಿ ಸರ್ಕಾರಿ ಕಚೇರಿಯೆಂಬ ಭ್ರಮೆ ಹುಟ್ಟಿಸುವ ಹೆಸರು. ಒಳಗಿದ್ದವನು ಗಣಕದ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ಕೆಂಪಕ್ಷರದಲ್ಲಿದ್ದ ‘ರದ್ದು’ ಎಂಬ ಸಾಲನ್ನು ಬೆರಳಿಟ್ಟು ತೋರಿಸಿದ. ನನ್ನ ಹೆಂಡತಿ ಆ ಪರದೆಯ ಫೋಟೊ ತೆಗೆದುಕೊಂಡಿದ್ದಳು. ಆಮೇಲೆ ಅದನ್ನು ದೊಡ್ಡದು ಮಾಡಿ ನೋಡಿದರೆ, ಅದು ನಮ್ಮ ರೈಲಿನ ಸಂಖ್ಯೆಯೇ ಅಲ್ಲ, ಕೊನೆಯ ಎರಡು ಅಂಕಿಗಳು ಬೇರೆ. ಅವನ ಹೆಬ್ಬೆರಳು ಸರಿಯಾಗಿ ಆ ಎರಡು ಅಂಕಿಗಳ ಮೇಲೇ ಇತ್ತು.

ಮುಂದಿನದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನಡೆಯಿತು. ಬೇರೆ ರೈಲು ಎಂದರೆ ‘ಎಲ್ಲವೂ ಭರ್ತಿ’. ವಿಮಾನ ಎಂದರೆ ‘ಮಂಜಿಗೆ ಏಳುವುದೇ ಇಲ್ಲ’. ಬಸ್ಸು ಎಂದರೆ ‘ಮಾತಾಜಿಯ ಮಂಡಿ ನೋಡಿ ಸರ್, ರಾತ್ರಿಯಿಡೀ ಹೇಗೆ ಕೂರುತ್ತಾರೆ?’. ಕೊನೆಗೆ ಉಳಿದದ್ದು ಅವನ ಕಾರು. ವಾರಾಣಸಿಯವರೆಗೆ 26,000 ರೂಪಾಯಿ, ಟೋಲು, ಡೀಸೆಲ್, ಚಾಲಕನ ಬಾಟಾ ಎಲ್ಲ ಸೇರಿ, ಈಗ 16,000, ಉಳಿದದ್ದು ಕಾಶಿ ತಲುಪಿದ ಮೇಲೆ. ದುಡ್ಡು ಹೋದದ್ದು ಸಂಸ್ಥೆಯ ಖಾತೆಗಲ್ಲ, ಯಾವುದೋ ವ್ಯಕ್ತಿಯ ಹೆಸರಿನ ಯುಪಿಐಗೆ. ರಸೀದಿ ಹಿಂದಿಯಲ್ಲಿತ್ತು, ಕೆಳಗಡೆ ಇರುವೆಯ ಸಾಲಿನಂಥ ಸಣ್ಣ ಅಕ್ಷರಗಳಿದ್ದವು, ಓದದೆಯೇ ಸಹಿ ಹಾಕಿಬಿಟ್ಟೆ. ಮಂಜಿಗೆ ರೈಲು ನಿಲ್ಲುತ್ತದಂತೆ, ಕಾರು ಮಾತ್ರ ಓಡುತ್ತದಂತೆ! ಮಂಜಿನಲ್ಲಿ ಓಡುವ ರೈಲಿನ ಎಂಜಿನ್‌ನಲ್ಲಿ ಮುಂದಿನ ಸಿಗ್ನಲ್ ಎಷ್ಟು ದೂರವಿದೆ ಎಂದು ಹೇಳುವ ಜಿಪಿಎಸ್ ಉಪಕರಣವಿರುತ್ತದೆ. ಕಾರಿಗೆ ಅಂಥದ್ದೇನೂ ಇಲ್ಲ, ನಾವು ಆಗ್ರಾದ ಕಡೆಗೆ ಹೋಗಬೇಕಿದ್ದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಇರುವ ವೇಗಮಿತಿಯನ್ನು ಚಳಿಗಾಲದಲ್ಲಿ ಮಂಜಿನ ಭಯಕ್ಕೆ 75ಕ್ಕೆ ಇಳಿಸುತ್ತಾರೆ.

ಕಾರು ಬಂದಾಗ ನಂಬರ್ ಪ್ಲೇಟು ಬಿಳಿಯದು. ಬಾಡಿಗೆ ಗಾಡಿಗೆ ಹಳದಿ ಪ್ಲೇಟು ಇರಬೇಕಲ್ಲವೇ ಎಂದು ಕೇಳಿದ್ದಕ್ಕೆ, ಇದು ವಿಐಪಿ ಗಾಡಿ, ಚೆಕ್‌ಪೋಸ್ಟ್‌ನಲ್ಲಿ ಯಾರೂ ನಿಲ್ಲಿಸುವುದಿಲ್ಲ ಎಂಬ ಉತ್ತರ ಸಿಕ್ಕಿತು. ಟೋಲಿನಲ್ಲಿ ಗಾಜಿನ ಮೇಲಿದ್ದ ಫಾಸ್ಟ್ಯಾಗ್ ‘ಟುಂಯ್’ ಎಂದು ಸದ್ದು ಮಾಡಿ ಗೇಟು ತೆರೆದುಕೊಂಡಿತು, ಅದಾದ ಮೇಲೆ ಚಾಲಕ ಹಿಂದಕ್ಕೆ ಕೈಚಾಚಿ ಟೋಲಿನ ಹಣವನ್ನು ನಗದಾಗಿ ಕೊಡಿ ಎಂದ. ಎಲ್ಲ ಸೇರಿದೆಯಲ್ಲ ಎಂದರೆ, ‘ಅದು ಕಚೇರಿಯ ಮಾತು, ನನಗೆ ಹೇಳಿಲ್ಲ’ ಎಂದ.

ಜೇವರ್ ಟೋಲ್ ದಾಟಿ ಸ್ವಲ್ಪ ದೂರ ಬಂದಿರಬೇಕು, ನನ್ನ ಫೋನಿಗೆ ರೈಲ್ವೆಯಿಂದ ಸಂದೇಶ ಬಂತು. ಹಿಂದೆಲ್ಲ ರೈಲು ಹೊರಡುವ ನಾಲ್ಕು ಗಂಟೆ ಮೊದಲು ಸಿದ್ಧವಾಗುತ್ತಿದ್ದ ಚಾರ್ಟನ್ನು 2025ರ ಜುಲೈನಿಂದ ಇನ್ನೂ ಬೇಗ ಸಿದ್ಧಪಡಿಸುತ್ತಿದ್ದಾರೆ, ಹಾಗಾಗಿ ರಾತ್ರಿಯ ರೈಲಿನ ಚಾರ್ಟ್ ಹಗಲಿನಲ್ಲೇ ಬಂದಿತ್ತು. ನಾಲ್ಕೂ ಟಿಕೆಟ್‌ಗಳು ಖಚಿತವಾಗಿದ್ದವು. ಬೋಗಿ ಬಿ4. ಅಪ್ಪನಿಗೆ 17, ಅಮ್ಮನಿಗೆ 20, ಎರಡೂ ಕೆಳಗಿನ ಬರ್ತ್. ನಾನು ಆ ಸಂದೇಶವನ್ನು ಮತ್ತೆ ಮತ್ತೆ ಓದಿದೆ. ರದ್ದಾದ ರೈಲಿಗೆ ಚಾರ್ಟ್ ಎಲ್ಲಿಂದ ಬರುತ್ತದೆ? ರೈಲುಗಳ ಓಡಾಟದ ವಿವರ ಕೊಡುವ ರೈಲ್ವೆಯದೇ ಎನ್‌ಟಿಇಎಸ್‌ನಲ್ಲಿ ನೋಡಿದರೆ ರೈಲು ಎಂದಿನಂತೆ ಹೊರಡಲಿದೆ ಎಂದಿತ್ತು. ಪಕ್ಕದಲ್ಲಿ ಶಾಲು ಹೊದ್ದು ಮುದುಡಿ ಕುಳಿತಿದ್ದ ಅಮ್ಮ ‘ಯಾಕೋ ಮುಖ ಹಾಗೆ ಮಾಡಿದೆ?’ ಎಂದು ಕೇಳಿದರು. ಏನೆಂದು ಹೇಳಲಿ? ಕೆಳಗಿನ ಬರ್ತ್ ಸಿಕ್ಕಿದೆಯಮ್ಮ, ನಾವು ಮಾತ್ರ ಅದಕ್ಕೆ ಬೆನ್ನು ತಿರುಗಿಸಿ ಹೋಗುತ್ತಿದ್ದೇವೆ ಎನ್ನಲೇ?

ಕೂಡಲೇ ಕಚೇರಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹೇಳಿದ್ದು ಹೇಳಿದಂತೆಯೇ ಬರೆಯುತ್ತಿದ್ದೇನೆ. ಮೊದಲು, ‘ಅದು ಯಂತ್ರ ಕಳಿಸುವ ಸಂದೇಶ ಸರ್, ರೈಲು ರದ್ದಾದರೂ ಬರುತ್ತದೆ’ ಎಂದ. ಎನ್‌ಟಿಇಎಸ್ ಎಂದಾಗ, ‘ಅಲ್ಲಿ ತಡವಾಗಿ ಬದಲಿಸುತ್ತಾರೆ’ ಎಂದ. ಹಾಗಿದ್ದರೆ ನಮ್ಮನ್ನು ನಿಲ್ದಾಣಕ್ಕೆ ವಾಪಸ್ ಬಿಡಿ ಎಂದಾಗ ದನಿಯೇ ಬದಲಾಯಿತು: ‘ಬಿಡಬಹುದು, ಆದರೆ ಮುಂಗಡ ಹಿಂದಿರುಗುವುದಿಲ್ಲ, ವಾಪಸ್ ಬರುವ ಕಿಲೋಮೀಟರ್‌ಗೆ ಬೇರೆ ಹಣ ಆಗುತ್ತದೆ, ನೀವೇ ಸಹಿ ಹಾಕಿದ್ದೀರಿ.’ ಸುಳ್ಳು ಹೇಳಿದ್ದೀರಲ್ಲ ಎಂದು ನಾನು ಕೂಗಿದಾಗ ಅವನು ತಣ್ಣಗೆ, ‘ನಾವು ಹೇಳಿದ್ದಲ್ಲ ಸರ್, 139ರವರು ಹೇಳಿದ್ದು, ಅವರನ್ನೇ ಕೇಳಿ’ ಎಂದ. ಮೋಸಕ್ಕಿಂತ ಈ ಉತ್ತರ ನನ್ನನ್ನು ಹೆಚ್ಚು ಉರಿಸಿತು. ಚಾಲಕನಂತೂ ಮಾಲೀಕರ ಅಪ್ಪಣೆಯಿಲ್ಲದೆ ಗಾಡಿ ತಿರುಗಿಸುವುದಿಲ್ಲ ಎಂದು ಹಟ ಹಿಡಿದ, ಇಲ್ಲೇ ಇಳಿಯುವುದಾದರೆ ಇಳಿಯಿರಿ ಎಂದ. ಎಕ್ಸ್‌ಪ್ರೆಸ್‌ವೇಯ ನಡುವೆ, ಆ ಚಳಿಯಲ್ಲಿ, ಮಂಡಿನೋವಿನ ಅಮ್ಮನನ್ನು ಇಳಿಸಿಕೊಂಡು ಎಲ್ಲಿಗೆ ಹೋಗುವುದು? ಅವರಿಗೂ ಅದು ಗೊತ್ತು. ಗೊತ್ತಿದ್ದೇ ವಯಸ್ಸಾದವರು ಜೊತೆಗಿರುವವರನ್ನು ಆರಿಸಿಕೊಳ್ಳುತ್ತಾರೆ ಎಂದು ನಾನೀಗ ನಂಬಿದ್ದೇನೆ.

ಆಗ್ರಾ ತಲುಪುವ ಹೊತ್ತಿಗೆ ನಿಜವಾದ ಲೆಕ್ಕ ಹೊರಬಿತ್ತು. ಚಾಲಕ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ನನ್ನ ಡ್ಯೂಟಿ ಇಲ್ಲಿಗೆ ಮುಗಿಯಿತು, ಇವತ್ತು ಇಲ್ಲಿ ಉಳಿಯಿರಿ, ನಾಳೆ ಬೇರೆ ಗಾಡಿ ಬರುತ್ತದೆ ಎಂದ. ರಸೀದಿಯನ್ನು ಹೋಟೆಲಿನ ಮುಂದಿದ್ದ ಚಹಾ ಅಂಗಡಿಯವರಿಗೆ ಕೊಟ್ಟು ಓದಿಸಿದೆ. 16,000 ರೂಪಾಯಿಗೆ 250 ಕಿ.ಮೀ., ಅದರಾಚೆಗೆ ಕಿ.ಮೀ.ಗೆ 18 ರೂಪಾಯಿ, ರಾತ್ರಿಯ ಬಾಟಾ ಪ್ರತ್ಯೇಕ. ದಿಲ್ಲಿಯಿಂದ ವಾರಾಣಸಿಗೆ ರಸ್ತೆಯಲ್ಲಿ 800 ಕಿ.ಮೀ.ಗೂ ಹೆಚ್ಚು. ಅಂದರೆ ನಾವು ಕೊಟ್ಟ 16,000 ಆಗ್ರಾದ ಹೊತ್ತಿಗೇ ಹೆಚ್ಚುಕಡಿಮೆ ಮುಗಿದಿತ್ತು. ಮತ್ತೆ ಫೋನ್ ಮಾಡಿದರೆ, ‘ಓದದೆ ಸಹಿ ಹಾಕಿದರೆ ನಾವೇನು ಮಾಡಲು ಆಗುತ್ತದೆ ಸರ್’ ಎಂಬ ಕೊನೆಯ ಉತ್ತರ, ಅದಾದ ಮೇಲೆ ಸ್ವಿಚ್ ಆಫ್. ಅಪ್ಪ ಬೈಯಲಿಲ್ಲ. ‘ಹೋಗಲಿ ಬಿಡಪ್ಪ, ಮೊದಲು ಇಲ್ಲಿಂದ ಹೊರಡೋಣ’ ಎಂದಷ್ಟೇ ಹೇಳಿದರು.

ಅಲ್ಲಿಂದ ಲಖನೌಗೆ ಉತ್ತರ ಪ್ರದೇಶ ಸಾರಿಗೆ ನಿಗಮದ ಬಸ್ ಹತ್ತಿದೆವು. ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟು, ಚಿಲ್ಲರೆಯನ್ನೂ ಎಣಿಸಿ ಕೊಟ್ಟು, ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಲಖನೌದಿಂದ ಮರುದಿನ ರೈಲು ಹಿಡಿದು ಕಾಶಿ ಸೇರಿದೆವು. ಮಾತಾಜಿಗೆ ಬಸ್ಸು ಆಗುವುದಿಲ್ಲ ಎಂದವನು ನೆನಪಾಗುತ್ತಲೇ ಇದ್ದ. ಇತ್ತ ಶಿವಗಂಗಾ ನಮ್ಮ ನಾಲ್ಕು ಬರ್ತ್‌ಗಳ ಸಮೇತ ಹೊರಟೇ ಹೋಗಿತ್ತು. ಖಚಿತವಾದ ಟಿಕೆಟ್ ಇದ್ದೂ ನಾವೇ ಹತ್ತದ್ದರಿಂದ ಅದರ ಹಣವೂ ಬರಲಿಲ್ಲ. ಇದನ್ನು ಎಲ್ಲರೂ ನೆನಪಿಡಬೇಕು: ರೈಲು ನಿಜವಾಗಿಯೂ ರದ್ದಾದರೆ ಇ-ಟಿಕೆಟ್‌ನ ಪೂರ್ತಿ ಹಣ ನೀವು ಕೇಳದೆಯೇ ಖಾತೆಗೆ ಹಿಂದಿರುಗುತ್ತದೆ. ಹಣ ಮರಳುತ್ತಿರುವ ಸುದ್ದಿಯೂ ಇಲ್ಲ, ರದ್ದಿನ ಸಂದೇಶವೂ ಇಲ್ಲ ಎಂದರೆ ಎದುರಿಗೆ ನಿಂತವನು ಸುಳ್ಳು ಹೇಳುತ್ತಿದ್ದಾನೆ ಎಂದೇ ತಿಳಿಯಿರಿ. ವಿದೇಶೀಯರಿಗೂ ಇದೇ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಅವರಿಗಾಗಿ ನಿಲ್ದಾಣದ ಮೊದಲ ಮಹಡಿಯಲ್ಲೇ ಇರುವ ಟಿಕೆಟ್ ಕಚೇರಿ ಮುಚ್ಚಿದೆ ಎಂದು ಹೇಳಿ ಇಂಥದೇ ಕೋಣೆಗಳಿಗೆ ಕರೆದೊಯ್ಯುತ್ತಾರೆ.

ಆದ್ದರಿಂದ, ಯಾರೇ ಏನೇ ಹೇಳಲಿ, 139ಕ್ಕೆ ನಿಮ್ಮ ಫೋನಿನಿಂದ ನೀವೇ ಕರೆ ಮಾಡಿ, ಇಲ್ಲವೇ ನಿಲ್ದಾಣದ ಒಳಗಿನ ವಿಚಾರಣಾ ಕೌಂಟರ್‌ಗೆ ಹೋಗಿ ಕೇಳಿ. ನಿಲ್ದಾಣದ ಆವರಣ ಬಿಟ್ಟು ಯಾವ ‘ಅಧಿಕೃತ ಕಚೇರಿ’ಗೂ ಹೋಗಬೇಡಿ. ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆಂದು ಹತ್ತಬೇಡಿ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಓದಲು ಬಾರದ ಭಾಷೆಯ ರಸೀದಿಗೆ ಸಹಿ ಕೇಳಿದರೆ, ಎದುರಿಗಿರುವವನು ಎಷ್ಟೇ ಸಭ್ಯನಾಗಿ ಕಂಡರೂ, ಎದ್ದು ಬನ್ನಿ. ಮತ್ತು ನಿಮ್ಮ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ದಾರಿಯಲ್ಲಿ ಯಾರಿಗೂ ರೈಲಿನ ಹೆಸರು ಹೇಳಬೇಡಿ ಎಂದು.

ನಾನು ಊರಿಗೆ ಮರಳಿದ ಮೇಲೆ ಆ ಕಚೇರಿಯ ಸಂಖ್ಯೆಯಿಂದಲೇ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬಂತು: ‘ಪ್ರವಾಸ ಹೇಗಿತ್ತು ಸರ್? ದಯವಿಟ್ಟು ಐದು ಸ್ಟಾರ್ ಕೊಡಿ, ಮುಂದಿನ ಬುಕಿಂಗ್‌ಗೆ ರಿಯಾಯಿತಿ ಇದೆ.’ ಅದರ ಚಿತ್ರ, ಪರದೆಯ ಫೋಟೊ, ರಸೀದಿ, ಯುಪಿಐ ಸಂದಾಯದ ವಿವರ, ಚಾರ್ಟ್ ಸಂದೇಶ ಎಲ್ಲವನ್ನೂ ಸೇರಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ದಿಲ್ಲಿಯಲ್ಲಿ ಇಂಥದೇ ರಸೀದಿ ಹಿಡಿದುಕೊಂಡು ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಾಚಿಕೆಗೆ ಅದನ್ನು ಹರಿದು ಹಾಕಬೇಡಿ. ದುಡ್ಡು ಹೋದದ್ದು ಸಂಸ್ಥೆಯ ಖಾತೆಗೋ ಯಾವುದೋ ವ್ಯಕ್ತಿಯ ಹೆಸರಿಗೋ ಎಂದು ನೋಡಿ, ನೀವೂ 1915ಕ್ಕೆ ದೂರು ಕೊಡಿ.