ಸೂಪರ್ ಮಾರ್ಕೆಟ್ ಗಲ್ಲಿಯ ಹಳೆ ಪುಸ್ತಕದ ಅಂಗಡಿ, ನನಗೆ ಸಿಕ್ಕ ಸ್ಕಾಟ್ಲೆಂಡ್ ಪುಸ್ತಕ

ಕಲಬುರಗಿಯಲ್ಲಿ ಹಳೆ ಪುಸ್ತಕ ಹುಡುಕಿದರೆ ಜಾಸ್ತಿ ಸಿಗೋದು ಪರೀಕ್ಷೆ ಗೈಡುಗಳೇ. ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿರುವ ಈ ಪುಟ್ಟ ಅಂಗಡಿ ಹಾಗಲ್ಲ. ಬೋರ್ಡ್ ಇಲ್ಲ, ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಆದರೆ ಇತಿಹಾಸದ ಪುಸ್ತಕಗಳನ್ನು ಬೇರೆಯೇ ಜೋಡಿಸಿಟ್ಟಿದ್ದಾರೆ.

ಹೋದ ವಾರ ಅಲ್ಲಿ ಸ್ಕಾಟ್ಲೆಂಡಿನ ಕುಲಗಳ ದಂಗೆಗಳ ಬಗ್ಗೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ ಸಿಕ್ಕಿತು. ಬೆಲೆ 220 ಅಂದರು. ನಾನು ಚೌಕಾಶಿಗೆ ಬಾಯಿ ತೆರೆಯುವ ಮೊದಲೇ ಅಂಗಡಿಯ ಕಾಕಾ ಪುಸ್ತಕ ಬಿಚ್ಚಿ ತೋರಿಸಿದರು: "ನೋಡ್ರಿ, ನಕಾಶಿ ಹಾಳಿ ಹರದದ. 150 ಕೊಡ್ರಿ, ಸಾಕು." ನಾನಾಗಿ ನೋಡಿದ್ದರೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪುಸ್ತಕದಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಡೊನಾಲ್ಡ್ ಡುವ್‌ನ ಕತೆ. ಪಶ್ಚಿಮದ ದ್ವೀಪಗಳನ್ನು ಆಳುತ್ತಿದ್ದ ಮ್ಯಾಕ್‌ಡೊನಾಲ್ಡ್ ಮನೆತನದ ಒಡೆತನವನ್ನು ರಾಜ 4ನೇ ಜೇಮ್ಸ್ 1493ರಲ್ಲಿ ಕಿತ್ತುಕೊಂಡ. ಅದರ ವಾರಸುದಾರ ಈ ಡೊನಾಲ್ಡ್. ದಂಗೆ ಎದ್ದು 1506ರಲ್ಲಿ ಸಿಕ್ಕಿಬಿದ್ದವನು 1543ರವರೆಗೆ ಸೆರೆಯಲ್ಲಿದ್ದ. 37 ವರ್ಷ! ಹೊರಬಂದ ಮೇಲೂ ಸುಮ್ನೆ ಕೂರಲಿಲ್ಲ. 1545ರಲ್ಲಿ ಇಂಗ್ಲೆಂಡಿನ 8ನೇ ಹೆನ್ರಿಯ ಜೊತೆ ಕೈಜೋಡಿಸಿ, 180 ಹಡಗು, 4,000 ಜನರ ಜೊತೆ ಐರ್ಲೆಂಡಿಗೆ ಹೋದ. ಅದೇ ವರ್ಷ ಅಲ್ಲೇ ಜ್ವರದಿಂದ ಸತ್ತ, ದಂಗೆಯೂ ಕರಗಿಹೋಯಿತು. ಹೊರಗಿನ ರಾಜನ ಹತ್ತಿರ ಹೋದವನನ್ನು ದ್ರೋಹಿ ಅಂತ ಬರೆದು ಮುಗಿಸುವುದು ಸುಲಭ, ಅಲ್ವಾ? ಈ ಪುಸ್ತಕ ಹಾಗೆ ಮಾಡಲ್ಲ. ಮನೆತನವೇ ಹೋದ ಮೇಲೆ ಅವನಿಗೆ ಬೇರೆ ಯಾವ ಬಾಗಿಲು ಇತ್ತು ಅಂತ ಕೇಳುತ್ತದೆ.

1719ರ ಭಾಗ ಓದುವಾಗ ಸಂಕಟವಾಯಿತು. ಬ್ರಿಟನ್ನಿನ ರಾಜನ ವಿರುದ್ಧ ದಂಗೆ ಎದ್ದವರ ನೆರವಿಗೆ ಸ್ಪೇನ್ ದೊಡ್ಡ ಹಡಗುಪಡೆ ಕಳಿಸಿತು, ಬಿರುಗಾಳಿಗೆ ಅದು ಚದುರಿಹೋಯಿತು, ಸ್ಕಾಟ್ಲೆಂಡಿಗೆ ಬಂದು ಇಳಿದದ್ದು 300ರಷ್ಟು ಸೈನಿಕರು ಮಾತ್ರ. ಗ್ಲೆನ್‌ಶೀಲ್‌ನಲ್ಲಿ ಸೋತ ಮೇಲೆ ಅಲ್ಲಿಯ ಜನ ತಮ್ಮ ಬೆಟ್ಟಗಳಲ್ಲಿ ಮರೆಯಾದರು. ಪರದೇಶದ ಆ ಸೈನಿಕರು ಎಲ್ಲಿಗೆ ಹೋಗಬೇಕು? ಮರುದಿನ ಶರಣಾದರು. ಅಲ್ಲಿಯ ಒಂದು ಶಿಖರಕ್ಕೆ ಇವತ್ತಿಗೂ ಸ್ಪೇನಿನವರ ಶಿಖರ ಅಂತಲೇ ಹೆಸರು.

ನಮ್ಮ ಅಜ್ಜನ ಊರು ಸುರಪುರ. ಹಾಗಾಗಿ ಓದುತ್ತಾ ಓದುತ್ತಾ ವಾಗಣಗೇರಾ ಕೋಟೆ ಕಣ್ಣ ಮುಂದೆ ಬಂತು. 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದಾಗ ಬೇಡರ ನಾಯಕನ ನೆರವಿಗೆ ಮರಾಠರು ಬಂದಿದ್ದರು. ಕೋಟೆ ಹೋಯಿತು, ನಾಯಕ ಕೈಗೆ ಸಿಗಲಿಲ್ಲ. ಅಜ್ಜ ಇದ್ದಿದ್ದರೆ ಈ ಪುಸ್ತಕದ ಕತೆಗಳನ್ನು ಒಂದೊಂದಾಗಿ ಹೇಳಿಸಿಕೊಳ್ಳುತ್ತಿದ್ದರು.

ಕೊರತೆ ಅಂದರೆ ಅಕ್ಷರ ತೀರ ಸಣ್ಣದು, ಒಂದೇ ಹೆಸರಿನ ನಾಲ್ಕೈದು ಡೊನಾಲ್ಡ್‌ಗಳು ಬಂದು ತಲೆ ಕೆಡುತ್ತದೆ. ನಕಾಶೆ ಹರಿದಿರೋದು ನಿಜಕ್ಕೂ ನಷ್ಟ, ದ್ವೀಪಗಳನ್ನು ಫೋನಿನಲ್ಲಿ ನೋಡಿಕೊಳ್ಳಬೇಕಾಯಿತು. ಅಂಗಡಿಯಲ್ಲಿ ಬೆಳಕು ಕಡಿಮೆ, ಬೆಳಿಗ್ಗೆಯೇ ಹೋಗಿ. ಅರ್ಧ ಗಂಟೆ ನಿಂತು ಓದಿದರೂ ಕಾಕಾ ಏನೂ ಅನ್ನಲ್ಲ. ಇತಿಹಾಸದ ಸಾಲು ಬಾಗಿಲ ಎಡಕ್ಕೆ, ಕೆಳಗೆ ಇದೆ, ಕೂತು ನೋಡಬೇಕು.