ಗೇರು ಗುಡ್ಡೆಗೆ ಟು-ಸ್ಟ್ರೋಕ್ ಬ್ಲೋವರೋ, ಫೋರ್-ಸ್ಟ್ರೋಕೋ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಕ್ಕೆ ತರಗೆಲೆ ಹಾರಿಸಲು ಬೆನ್ನಿಗೆ ಹಾಕುವ ಪೆಟ್ರೋಲ್ ಬ್ಲೋವರ್ ಬೇಕಿದ್ದರೆ ನನ್ನ ಮತ ಟು-ಸ್ಟ್ರೋಕಿಗೆ. ಅಂಗಳ, ಅಡಿಕೆ ತೋಟ, ಗೇರು ಗುಡ್ಡೆ ಮೂರರಲ್ಲೂ ಎರಡನ್ನೂ ಓಡಿಸಿ ನೋಡಿ ಹೇಳುವ ಮಾತಿದು. ಅಂಗಳ ಮಾತ್ರ ಗುಡಿಸುವವರಿಗೆ ಫೋರ್-ಸ್ಟ್ರೋಕ್ ಧಾರಾಳ ಸಾಕು.

ಗುಡ್ಡೆ ಹತ್ತಿ ಇಳಿಯುವಾಗ ಟು-ಸ್ಟ್ರೋಕ್ ಹಗುರ, ಎಷ್ಟು ವಾಲಿದರೂ ಓಡುತ್ತದೆ. ಫೋರ್-ಸ್ಟ್ರೋಕಿನ 35 ಸಿಸಿ ಎಂಜಿನ್ನಿಗೆ ಹಿಡಿಯುವುದು ಸುಮಾರು 100 ಎಂಎಲ್ ಆಯಿಲ್. ಅಳತೆ ಮೀರಿ ಹೊಯ್ದು ಜೀಪಿನಲ್ಲಿ ಅಡ್ಡ ಮಲಗಿಸಿದರೆ ಅದು ಏರ್ ಫಿಲ್ಟರಿಗೆ ಇಳಿದು, ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆ ಬರುತ್ತದೆ. ಮೊದಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ವಾಲ್ವ್ ಗ್ಯಾಪ್ ನೋಡಿಸುವ ಕೆಲಸವೂ ಇದೆ.

ಸದ್ದು, ಹೊಗೆ, ಪೆಟ್ರೋಲಿನ ಖರ್ಚು: ಮೂರರಲ್ಲೂ ಫೋರ್-ಸ್ಟ್ರೋಕ್ ಮೇಲು.

ಟು-ಸ್ಟ್ರೋಕಿನ ನಿಜವಾದ ತಲೆನೋವು ಮಳೆಗಾಲ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಇಂಥ ಸಣ್ಣ ಎಂಜಿನ್ನುಗಳ ಹೆಚ್ಚಿನ ಕೈಪಿಡಿಗಳು ಒಪ್ಪುವುದು ಶೇ. 10ರ ವರೆಗೆ ಮಾತ್ರ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ಮೂಲೆಯಲ್ಲಿ ಕೂತ ಮೆಷಿನಿನ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ, ಎಥನಾಲ್ ಆ ನೀರನ್ನು ಹಿಡಿದುಕೊಂಡು ಅಡಿಗೆ ಇಳಿಯುತ್ತದೆ. ಟು-ಟಿ ಆಯಿಲ್ (ಟು-ಸ್ಟ್ರೋಕಿನ ಪೆಟ್ರೋಲಿಗೇ ಬೆರೆಸುವ ಎಂಜಿನ್ ಆಯಿಲ್) ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಭಾರಕ್ಕೆ ತಳದಲ್ಲೇ ಬಿದ್ದಿರುವುದರಿಂದ ಮೊದಲು ಹೀರುವುದು ಆಯಿಲ್ ಇಲ್ಲದ ಆ ಅಡಿಯ ಪದರವನ್ನೇ. ಅದರಲ್ಲಿ ಎಂಜಿನ್ ಓಡಿದರೆ ಪಿಸ್ಟನ್ನಿಗೆ ಗೀರು ಬಿತ್ತೆಂದೇ ಲೆಕ್ಕ. ಹಳೆಯ ಪೆಟ್ರೋಲಿನ ಮೇಲೆ ಅನುಮಾನವಿದ್ದರೆ ಗಾಜಿನ ಬಾಟಲಿಗೆ ಸ್ವಲ್ಪ ಹೊಯ್ದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ, ನಡುವೆ ಗೆರೆ ಕಂಡರೆ ಅದನ್ನು ಬಳಸಲೇ ಬೇಡಿ.

ಕಾರ್ಬ್ಯುರೇಟರಿನದು ಬೇರೆಯೇ ಕಥೆ. ಚೋಕ್ ಎಳೆದಾಗ ಸ್ಟಾರ್ಟ್ ಆಗಿ, ಚೋಕ್ ಬಿಟ್ಟ ಕೂಡಲೇ ನಿಂತುಹೋದರೆ ಒಳಗೆ ಅಂಟು ಕಟ್ಟಿದೆ, ಇಲ್ಲವೇ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಬಿರುಸಾಗಿದೆ. ಮುಚ್ಚಳದ ಸ್ಕ್ರೂ ಬಿಚ್ಚಿ ನೋಡಿ: ಹೊಸ ಡಯಾಫ್ರಾಮ್ ಮೆತ್ತಗೆ ಬಾಗುತ್ತದೆ, ಹಳತು ಒಣ ಹಾಳೆಯ ಹಾಗೆ ಸೆಟೆದಿರುತ್ತದೆ. ಸೂಜಿ ವಾಲ್ವನ್ನೂ ಸಣ್ಣ ಜಾಲರಿಯನ್ನೂ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ತೂತಿಗೆ ತಂತಿ ಹಾಕಬೇಡಿ, ಅಳತೆ ಕೆಡುತ್ತದೆ. ಗ್ಯಾಸ್ಕೆಟ್, ಡಯಾಫ್ರಾಮ್ ಯಾವುದರ ಮೇಲೆ ಯಾವುದು ಇತ್ತು ಎಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಆಗದಿರಲು ಪತ್ತನಾಜೆಯ (ಮೇ ಕೊನೆಯ ತುಳು ಆಚರಣೆ) ಹೊತ್ತಿಗೆ, ಮಳೆ ಶುರುವಾಗುವ ಮೊದಲು, ಹದಿನೈದು ನಿಮಿಷದ ಕೆಲಸ ಸಾಕು. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯುವ ಮೆತ್ತನೆಯ ಗುಂಡಿ) ಒತ್ತಿ ಉಳಿದದ್ದನ್ನೂ ಹೊರಹಾಕಿ, ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಿ. ಫೋರ್-ಸ್ಟ್ರೋಕಿಗೂ ಇದೇ ಉಪಚಾರ ಬೇಕು. ಆದರೆ ಅಲ್ಲಿ ಆಯಿಲ್ ಬೇರೆ ಇರುವುದರಿಂದ ಪಿಸ್ಟನ್ನಿನ ಭಯ ಕಡಿಮೆ.

ಮಿಕ್ಸ್: 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಟು-ಟಿ ಆಯಿಲ್, 25:1 ಎಂದರೆ 40 ಎಂಎಲ್. ಅರ್ಧ ಪೆಟ್ರೋಲ್, ಆಮೇಲೆ ಆಯಿಲ್. ಚೆನ್ನಾಗಿ ಕುಲುಕಿ ಉಳಿದರ್ಧ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಕಲಸಿ.

ಗೇರು ಮರದಡಿ ಅರ್ಧ ಆಕ್ಸಿಲರೇಟರ್ ಸಾಕು: ತರಗೆಲೆ ಹಾರುತ್ತದೆ, ಬೀಜ ಅಲ್ಲೇ ಉಳಿಯುತ್ತದೆ. ಇಬ್ಬನಿ ಆರುವ ಮೊದಲು ಶುರುಮಾಡಿದರೆ ಪೆಟ್ರೋಲ್ ದಂಡ. ಬಿಸಿ ಸೈಲೆನ್ಸರನ್ನು ಒಣ ಎಲೆಯ ಮೇಲೆ ಮಾತ್ರ ಇಡಬೇಡಿ. ಸೈಲೆನ್ಸರಿನ ಬಾಯಿಯ ಜಾಲರಿಗೆ ಮಸಿ ಕಟ್ಟಿದರೆ ಗಾಳಿಯ ರಭಸ ಕುಗ್ಗುತ್ತದೆ. ತಂತಿ ಬ್ರಷಿನಿಂದ ತಿಕ್ಕಿ.

ಮನೆಯಲ್ಲಿ ಟು-ಸ್ಟ್ರೋಕಿನ ಹುಲ್ಲು ಕತ್ತರಿಸುವ ಮೆಷಿನ್ ಇದ್ದು ಅದರ ಮಿಕ್ಸೂ ಇದೇ ಆಗಿದ್ದರೆ ಒಂದೇ ಕ್ಯಾನ್ ಎರಡಕ್ಕೂ ಆಗುತ್ತದೆ. ನನ್ನ ಆಯ್ಕೆಗೆ ಅರ್ಧ ಕಾರಣ ಅದೇ. ಮೆಷಿನ್ ದಿನಕ್ಕೊಬ್ಬ ಆಳಿನ ಕೈಗೆ ಹೋಗುವುದಾದರೆ ಫೋರ್-ಸ್ಟ್ರೋಕೇ ತೆಗೆದುಕೊಳ್ಳಿ. ಬರೀ ಪೆಟ್ರೋಲ್ ಹೊಯ್ದ ಟು-ಸ್ಟ್ರೋಕ್ ನಿಮಿಷಗಳಲ್ಲಿ ಜಾಮ್ ಆಗುತ್ತದೆ.